ವರ್ಟ್-ಮ್ಯಾನೇಜರ್: ಹಳೇ ಸಾಫ್ಟ್‌ವೇರ್, ಆದರೂ ದೂರದ ವಿಎಂಗಳಿಗೆ ನನ್ನ ಮೊದಲ ಆಯ್ಕೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ನಿಮ್ಮ ಹತ್ತಿರ ಎರಡು ಮೂರು ಲಿನಕ್ಸ್ ಸರ್ವರ್ ಇದ್ದು, ಅವುಗಳೊಳಗೆ ಹತ್ತಿಪ್ಪತ್ತು ವಿಎಂ (ವರ್ಚುವಲ್ ಮಷೀನ್, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಓಡುತ್ತಿದ್ದು, ನೋಡಿಕೊಳ್ಳುವವರು ನೀವೊಬ್ಬರೇ ಆಗಿದ್ದು, ನಿಮ್ಮ ಲ್ಯಾಪ್‌ಟಾಪಿನಲ್ಲೂ ಲಿನಕ್ಸೇ ಇದ್ದರೆ ಆ ವಿಎಂಗಳನ್ನು ದೂರದಿಂದ ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಹಾಕಿಕೊಳ್ಳಿ. ಬೇರೆ ಹುಡುಕುವುದು ಬೇಡ. ನಾಲ್ಕು ಜನ ಸೇರಿ ನೋಡಿಕೊಳ್ಳುವ ಜಾಗ ಆದರೆ, ಅಥವಾ ದಿನಾ ರಾತ್ರಿ ತಾನಾಗೇ ಬ್ಯಾಕಪ್ ಆಗಬೇಕು ಅನ್ನುವವರಾದರೆ ಇದು ನಿಮಗಲ್ಲ.

ನಾನು ನೋಡಿಕೊಳ್ಳುವ ಸರ್ವರ್‌ಗಳು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿವೆ, ನಾನಿರುವುದು ಸಾಗರದಲ್ಲಿ. ಮಳೆಗಾಲದಲ್ಲಿ ಇಲ್ಲಿ ನೆಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವ ಹಾಗೇ ಇಲ್ಲ. ಹಾಗಾಗಿ ಈ ರಿವ್ಯೂ ಪೂರ್ತಿ ಕೆಟ್ಟ ನೆಟ್‌ನಲ್ಲಿ ಕೂತು ಬರೆದದ್ದು ಅಂದುಕೊಳ್ಳಿ. ಪಕ್ಕದ ಕೋಣೆಯಲ್ಲೇ ಸರ್ವರ್ ಇಟ್ಟುಕೊಂಡವರಿಗೆ ನಾನು ಹೇಳುವ ಅರ್ಧ ಕಷ್ಟಗಳು ಬರುವುದೇ ಇಲ್ಲ.

ಇದ್ಯಾಕೆ ಈಗ ಬರೆಯುತ್ತಿದ್ದೇನೆ ಅಂದರೆ, ಈಚೆಗೆ ವಿಎಂ ಓಡಿಸುವ ವಿಎಂವೇರ್ ಸಾಫ್ಟ್‌ವೇರ್ ಬಿಟ್ಟು ಬರುವವರು ಜಾಸ್ತಿ ಆಗಿದ್ದಾರೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು, ಮುಂದಿನ ತಿಂಗಳೇ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ನಿಲ್ಲಿಸಿತು, 2024ರ ಶುರುವಿನಲ್ಲಿ ಅವರ ಪುಕ್ಕಟೆ ಸರ್ವರ್ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐ ಕೂಡ ನಿಂತುಹೋಯಿತು. ಆಮೇಲೆ 2025ರಲ್ಲಿ ಅದನ್ನು ಮತ್ತೆ ಪುಕ್ಕಟೆ ಕೊಡತೊಡಗಿದರು, ಆದರೆ ಅಷ್ಟರಲ್ಲಿ ಸಣ್ಣ ಆಫೀಸುಗಳವರು ಹೆದರಿ ಬೇರೆ ದಾರಿ ಹಿಡಿದಾಗಿತ್ತು. ಹಾಗೆ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಲಿನಕ್ಸಲ್ಲಿ ವಿಎಂ ಓಡಿಸಬಹುದು ಸರಿ, ಅದನ್ನ ಮನೆಯಿಂದ ನೋಡೋದು ಹೇಗೆ?"

ಓಡಿಸುವ ಕೆಲಸ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಒಳಗಿನ ಕೆವಿಎಂನದು, 2007ರಲ್ಲಿ ಬಂದ 2.6.20 ಕರ್ನಲ್‌ನಿಂದ ಅದು ಅಲ್ಲೇ ಇದೆ. ಡಿಸ್ಕು, ನೆಟ್‌ವರ್ಕ್ ಕಾರ್ಡು, ಸ್ಕ್ರೀನು ಎಲ್ಲ ಇರುವ ಹಾಗೆ ವಿಎಂಗೆ ತೋರಿಸುವುದು ಕ್ಯೂಎಮು. ಇವೆರಡನ್ನೂ ಹಿಡಿದು ನಡೆಸುವುದು ಲಿಬ್‌ವರ್ಟ್. ವರ್ಟ್-ಮ್ಯಾನೇಜರ್ ಈ ಲಿಬ್‌ವರ್ಟ್ ಜೊತೆ ಮಾತಾಡುವ ಒಂದು ಕಿಟಕಿ, ಅಷ್ಟೇ. ಅದನ್ನು ಮುಚ್ಚಿದರೆ ವಿಎಂ ನಿಲ್ಲುವುದಿಲ್ಲ, ನಿಮ್ಮ ಲ್ಯಾಪ್‌ಟಾಪ್ ಸುಟ್ಟುಹೋದರೂ ನಿಲ್ಲುವುದಿಲ್ಲ. ಹೊಸಬರು ಇದನ್ನು ನಂಬುವುದಿಲ್ಲ, ಕಿಟಕಿ ಮುಚ್ಚುವಾಗ ಕೈ ನಡುಗುತ್ತದೆ!

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸರ್ವರ್‌ಗೆ ಸೇರಿಕೊಳ್ಳುವ ರೀತಿ. ಫೈಲ್ ಮೆನುವಿನಲ್ಲಿ ಹೊಸ ಕನೆಕ್ಷನ್ ಅಂತಿದೆ. ಅಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ದೂರದ ಹೋಸ್ಟ್ (ವಿಎಂಗಳು ಓಡುವ ಸರ್ವರ್) ಅನ್ನುವ ಟಿಕ್ ಹಾಕಿ, ಯೂಸರ್ ಹೆಸರು, ಸರ್ವರ್ ಹೆಸರು ಕೊಟ್ಟರೆ ಮುಗಿಯಿತು. ಯೂಸರ್ ಜಾಗದಲ್ಲಿ ಅದಾಗೇ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಂತ ತುಂಬಿರುತ್ತದೆ, ಅಳಿಸಿ ನಿಮ್ಮ ಹೆಸರು ಹಾಕಿ. ಸರ್ವರಿನಲ್ಲಿ ಹೊಸ ಪೋರ್ಟ್ ತೆರೆಯಬೇಕಿಲ್ಲ, ಸರ್ಟಿಫಿಕೇಟ್ ಮಾಡಬೇಕಿಲ್ಲ, ಇನ್ನೊಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕಿಲ್ಲ. ಇಂಥದ್ದೇ ಕೆಲಸವನ್ನು ಬ್ರೌಸರಿನಲ್ಲಿ ಮಾಡುವ ಕಾಕ್‌ಪಿಟ್ ಆದರೆ 9090 ಪೋರ್ಟ್ ಬೇಕು, ಪ್ರಾಕ್ಸ್‌ಮಾಕ್ಸ್ ಆದರೆ 8006. ಅವನ್ನು ಹಾಗೇ ಇಂಟರ್‌ನೆಟ್‌ಗೆ ಬಿಡುವ ಧೈರ್ಯ ನನಗಿಲ್ಲ, ವಿಪಿಎನ್ ಹಾಕಬೇಕು, ಆಮೇಲೆ ಆ ವಿಪಿಎನ್ ನೋಡಿಕೊಳ್ಳಬೇಕು. ಎಸ್‌ಎಸ್‌ಎಚ್ ಹೇಗೂ ಇದ್ದೇ ಇದೆಯಲ್ಲ.

ಇನ್ನೊಂದು ಲಾಭ ಏನೆಂದರೆ ಇದು ನಿಮ್ಮ ಲ್ಯಾಪ್‌ಟಾಪಿನ ಮಾಮೂಲಿ ಎಸ್‌ಎಸ್‌ಎಚ್ ಪ್ರೋಗ್ರಾಮನ್ನೇ ಬಳಸುತ್ತದೆ. ಅಂದರೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ನೀವು ಏನೇನು ಬರೆದಿದ್ದೀರೋ, ಅಡ್ಡಹೆಸರು, ಬೇರೆ ಪೋರ್ಟ್, ಒಂದು ಗೇಟ್‌ವೇ ಸರ್ವರ್ ದಾಟಿ ಒಳಗಿನ ಸರ್ವರ್‌ಗೆ ಹೋಗುವ ಜಂಪ್, ಎಲ್ಲವೂ ಇಲ್ಲಿ ನಡೆಯುತ್ತದೆ. ನಮ್ಮಲ್ಲಿ ಒಳಗಿನ ಸರ್ವರ್‌ಗಳಿಗೆ ಹೊರಗಿನ ಐಪಿ ಇಲ್ಲವೇ ಇಲ್ಲ. ಒಂದು ಹಳೇ ಡೆಸ್ಕ್‌ಟಾಪ್ ಗೇಟ್‌ವೇ ಆಗಿ ಕೂತಿದೆ, ಅದನ್ನು ದಾಟಿಕೊಂಡು ವರ್ಟ್-ಮ್ಯಾನೇಜರ್ ತಣ್ಣಗೆ ಒಳಗೆ ಹೋಗುತ್ತದೆ.

ಸೇರಿಕೊಳ್ಳುವಾಗ ಎಡವುವ ಜಾಗಗಳೂ ಇವೆ. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ಹೇಳುವ ಫೈಲ್) ಇಲ್ಲದೆ ಪಾಸ್‌ವರ್ಡ್ ಇಟ್ಟುಕೊಂಡರೆ ತಲೆ ಕೆಡುತ್ತದೆ, ಸರ್ವರ್‌ಗೊಮ್ಮೆ ಕೇಳುತ್ತದೆ, ಪ್ರತಿ ಕನ್ಸೋಲ್ (ವಿಎಂನ ಸ್ಕ್ರೀನ್) ತೆರೆದಾಗಲೂ ಮತ್ತೆ ಕೇಳುತ್ತದೆ, ಪಾಸ್‌ವರ್ಡ್ ಕೇಳುವ ಆಸ್ಕ್‌ಪಾಸ್ ಪ್ಯಾಕೇಜ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಕೇಳುವುದೂ ಇಲ್ಲ, ಸುಮ್ನೆ ಎರರ್ ಕೊಟ್ಟು ಕೂರುತ್ತದೆ. ಕೀ ಮಾಡಿ, ಸರ್ವರ್‌ಗೆ ಕಾಪಿ ಮಾಡಿ, ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿ ಹಾಕಿಡಿ. ಸರ್ವರಿನಲ್ಲಿ ನಿಮ್ಮ ಯೂಸರ್ ಲಿಬ್‌ವರ್ಟ್ ಗುಂಪಿನಲ್ಲಿ ಇರಬೇಕು, ಸೇರಿಸಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬರಬೇಕು. ಆ ಗುಂಪಿನಲ್ಲಿರುವವರು ಹೆಚ್ಚುಕಮ್ಮಿ ರೂಟ್ ಇದ್ದ ಹಾಗೇ, ಯಾರ್ಯಾರನ್ನೋ ಸೇರಿಸಬೇಡಿ. ಮತ್ತೆ ಸರ್ವರಿನಲ್ಲಿ ಮಾತು ದಾಟಿಸುವ ನೆಟ್‌ಕ್ಯಾಟ್ ಎಂಬ ಸಣ್ಣ ಪ್ರೋಗ್ರಾಮ್ ಬೇಕು. ಡೆಬಿಯನ್, ಉಬುಂಟುವಿನಲ್ಲಿ ಓಪನ್‌ಬಿಎಸ್‌ಡಿ ನೆಟ್‌ಕ್ಯಾಟ್ ಹಾಕಿ, ಟ್ರೆಡಿಷನಲ್ ಅನ್ನುವುದು ಬೇಡ. ವಿಎಂ ಪಟ್ಟಿ ಬರುತ್ತದೆ ಆದರೆ ಕನ್ಸೋಲ್ ಮಾತ್ರ ತೆರೆಯುವುದಿಲ್ಲ ಅಂತ ಗೋಳಾಡುವವರಲ್ಲಿ ಬಹಳ ಜನರ ಸಮಸ್ಯೆ ಇದೇ.

ಕೆಲವರು ವರ್ಟ್-ಮ್ಯಾನೇಜರನ್ನು ಸರ್ವರಿನಲ್ಲೇ ಇನ್‌ಸ್ಟಾಲ್ ಮಾಡಿ, ಎಸ್‌ಎಸ್‌ಎಚ್‌ನ ಎಕ್ಸ್ ಫಾರ್ವರ್ಡಿಂಗ್ ಹಾಕಿ ಅದರ ಕಿಟಕಿಯನ್ನೇ ಇಲ್ಲಿಗೆ ಎಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮೆನು ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತದೆ. ಪ್ರೋಗ್ರಾಮ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಲಿ, ಮಾತುಕತೆ ಮಾತ್ರ ಎಸ್‌ಎಸ್‌ಎಚ್ ಮೇಲೆ ಹೋಗಲಿ.

ಈಗ ಕನ್ಸೋಲ್ ವಿಷಯ, ಯಾಕೆಂದರೆ ಇದು ಇಲ್ಲದಿದ್ದರೆ ನಾನು ಎಲ್ಲವನ್ನೂ ಟರ್ಮಿನಲ್ಲಿನಲ್ಲೇ ಮಾಡಿಕೊಂಡಿರುತ್ತಿದ್ದೆ. ವಿಎಂ ಚೆನ್ನಾಗಿ ಓಡುತ್ತಿರುವಾಗ ಅದಕ್ಕೆ ನೇರ ಎಸ್‌ಎಸ್‌ಎಚ್ ಸಾಕು. ಅದು ಕೆಟ್ಟು ಕೂತಾಗ ಬೇಕಾಗುವುದು ಸ್ಕ್ರೀನು. ಮೊನ್ನೆ ನಮ್ಮ ಡೆವಲಪರ್ ಹುಡುಗ ಫೋನ್ ಮಾಡಿದ, "ಸರ್, ಟೆಸ್ಟ್ ಸರ್ವರ್‌ಗೆ ಹೋಗೋಕೆ ಆಗ್ತಿಲ್ಲ, ನಾನೇನೂ ಮಾಡಿಲ್ಲ." ಪಿಂಗ್ ಇಲ್ಲ, ಎಸ್‌ಎಸ್‌ಎಚ್ ಇಲ್ಲ. ವರ್ಟ್-ಮ್ಯಾನೇಜರಿನಲ್ಲಿ ಆ ವಿಎಂ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಸ್ಕ್ರೀನಿನಲ್ಲಿ ಲಾಗಿನ್ ಪ್ರಾಂಪ್ಟ್ ಆರಾಮಾಗಿ ಮಿಣುಕುತ್ತಿತ್ತು. ಒಳಗೆ ಹೋಗಿ ನೋಡಿದರೆ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಗೇಟ್‌ವೇ ಸಾಲು ಎರಡು ಸ್ಪೇಸ್ ಎಡಕ್ಕೆ ಸರಿದಿದೆ, ಫೈಲ್ ಬದಲಾದ ಸಮಯ ಅವನು ಫೋನ್ ಮಾಡುವುದಕ್ಕೆ ಹತ್ತು ನಿಮಿಷ ಮೊದಲು. ಸ್ಪೇಸ್ ಸರಿಮಾಡಿ ಅಪ್ಲೈ ಕೊಟ್ಟೆ, ಮುಗಿಯಿತು. ಕನ್ಸೋಲ್ ಇಲ್ಲದಿದ್ದರೆ ಪೀಣ್ಯದಲ್ಲಿ ಯಾರನ್ನೋ ಸರ್ವರ್ ಮುಂದೆ ಕೂರಿಸಿ, ಫೋನಿನಲ್ಲಿ ಒಂದೊಂದು ಅಕ್ಷರ ಹೇಳಿಕೊಟ್ಟು ಮಾಡಿಸಬೇಕಿತ್ತು.

ಈ ಸ್ಕ್ರೀನ್ ಬರುವುದು ವಿಎನ್‌ಸಿ ಅಥವಾ ಸ್ಪೈಸ್ ಎಂಬ ಸ್ಕ್ರೀನ್ ಸಾಗಿಸುವ ಪದ್ಧತಿಗಳ ಮೇಲೆ, ಎರಡೂ ಎಸ್‌ಎಸ್‌ಎಚ್ ಒಳಗೇ ಹರಿದು ಬರುತ್ತವೆ. ನನ್ನ ನೆಟ್‌ನಲ್ಲಿ ಟೆಕ್ಸ್ಟ್ ಸ್ಕ್ರೀನ್ ಪರವಾಗಿಲ್ಲ, ಒತ್ತಿದ ಅಕ್ಷರ ಸ್ವಲ್ಪ ತಡವಾಗಿ ಮೂಡುತ್ತದೆ ಅಷ್ಟೇ. ವಿಂಡೋಸ್ ವಿಎಂನ ಡೆಸ್ಕ್‌ಟಾಪ್ ಮಾತ್ರ ಮಳೆ ದಿನ ಬೇಡವೇ ಬೇಡ, ಅದಕ್ಕೆ ರಿಮೋಟ್ ಡೆಸ್ಕ್‌ಟಾಪೇ ವಾಸಿ. ಟೆಕ್ಸ್ಟ್ ಕನ್ಸೋಲಿಗೆ ಕಾಪಿ-ಪೇಸ್ಟ್ ನಡೆಯುವುದಿಲ್ಲ, ಉದ್ದ ಪಾಸ್‌ವರ್ಡ್ ಇದ್ದರೆ ಕೈಯಲ್ಲೇ ಬಡಿಯಬೇಕು. ಮೌಸ್ ಒಳಗೆ ಸಿಕ್ಕಿಕೊಂಡರೆ ಎಡಗಡೆಯ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿ. ಹಳೇ ಸರ್ವರ್‌ನಿಂದ ವಿಎಂಗಳನ್ನು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ 9ರ ಬಳಗಕ್ಕೆ ತರುವವರು ಇನ್ನೊಂದು ನೋಡಿಕೊಳ್ಳಿ, ಅಲ್ಲಿ ಸ್ಪೈಸ್ ತೆಗೆದುಹಾಕಿದ್ದಾರೆ. ಸ್ಪೈಸ್ ಡಿಸ್ಪ್ಲೇ ಇರುವ ವಿಎಂ ಅಲ್ಲಿ ಸ್ಟಾರ್ಟೇ ಆಗುವುದಿಲ್ಲ, ವಿಎನ್‌ಸಿಗೆ ಬದಲಾಯಿಸಬೇಕು.

ನೆಟ್ ತೀರಾ ಹದಗೆಟ್ಟಾಗ ನನ್ನನ್ನು ಕಾಪಾಡುವುದು ಸೀರಿಯಲ್ ಕನ್ಸೋಲ್. ವ್ಯೂ ಮೆನುವಿನಲ್ಲಿ ಸಿಗುತ್ತದೆ. ಬರೀ ಅಕ್ಷರಗಳು ಓಡಾಡುವುದರಿಂದ ಬಹಳ ಹಗುರ. ಆದರೆ ವಿಎಂ ಒಳಗೆ ಮೊದಲೇ ತಯಾರಿ ಮಾಡಿರಬೇಕು, ಸೀರಿಯಲ್ ಪೋರ್ಟಿಗೆ ಲಾಗಿನ್ ಕೇಳುವ ಗೆಟ್ಟಿ ಸರ್ವಿಸ್ ಎನೇಬಲ್ ಮಾಡಿ, ಬೂಟ್ ಮಾಡಿಸುವ ಗ್ರಬ್‌ನಲ್ಲಿ ಕರ್ನಲ್ ಸಾಲಿಗೆ ಸೀರಿಯಲ್ ಕನ್ಸೋಲ್ ಸೇರಿಸಬೇಕು. ನಾನು ಮಾಡುವ ಪ್ರತಿ ಹೊಸ ವಿಎಂನಲ್ಲೂ ಐಪಿ ಹಾಕುವ ಮೊದಲೇ ಈ ಕೆಲಸ ಮುಗಿಸಿಬಿಡುತ್ತೇನೆ.

ಹೊಸ ವಿಎಂ ಮಾಡುವ ವಿಝಾರ್ಡ್ ಐದು ಹೆಜ್ಜೆಯದು, ಚೊಕ್ಕವಾಗಿದೆ, ಜಾಸ್ತಿ ಹೇಳುವುದೇನೂ ಇಲ್ಲ. ದೂರದಿಂದ ಮಾಡುವವರಿಗೆ ಒಂದೇ ಕಿರಿಕಿರಿ: ಐಎಸ್‌ಓ (ಇನ್‌ಸ್ಟಾಲ್ ಡಿಸ್ಕಿನ) ಫೈಲ್ ಸರ್ವರಿನಲ್ಲೇ ಇರಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಫೈಲ್ ತೋರಿಸೋಣ ಅಂದರೆ ಆ ಬಟನ್ ಒತ್ತಲು ಬರುವುದಿಲ್ಲ, ಮಸುಕಾಗಿರುತ್ತದೆ. ಇಲ್ಲಿಂದ ಅಲ್ಲಿಗೆ ಅಪ್ಲೋಡ್ ಮಾಡುತ್ತಾ ಕೂರುವ ಬದಲು ಸರ್ವರ್‌ಗೆ ಲಾಗಿನ್ ಆಗಿ ಅಲ್ಲೇ ನೇರ ಡೌನ್‌ಲೋಡ್ ಮಾಡಿಸಿ, ಆಫೀಸಿನ ನೆಟ್ ಹೇಗೂ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಅದಕ್ಕಿಂತಲೂ ವಾಸಿ ಅಂದರೆ ಉಬುಂಟು, ಡೆಬಿಯನ್‌ನವರು ಮೊದಲೇ ಇನ್‌ಸ್ಟಾಲ್ ಮಾಡಿ ಕೊಡುವ ಕ್ಲೌಡ್ ಇಮೇಜ್ ಇಳಿಸಿಕೊಂಡು, ಇರುವ ಡಿಸ್ಕನ್ನು ಇಂಪೋರ್ಟ್ ಮಾಡುವ ಆಯ್ಕೆ ಹಿಡಿಯುವುದು. ವಿಂಡೋಸ್ ಹಾಕುವವರು ವರ್ಟ್‌ಐಓ (ವಿಎಂಗೆಂದೇ ಮಾಡಿದ ವೇಗದ ಡಿಸ್ಕ್, ನೆಟ್‌ವರ್ಕ್ ಸಾಧನ) ಡ್ರೈವರ್‌ಗಳ ಐಎಸ್‌ಓ ಕೂಡ ಜೊತೆಗೆ ಇಟ್ಟುಕೊಳ್ಳಿ. ಡಿಸ್ಕನ್ನು ವರ್ಟ್‌ಐಓ ಅಂತ ಕೊಟ್ಟಿದ್ದರೆ, ಆ ಡ್ರೈವರ್ ಲೋಡ್ ಮಾಡುವ ತನಕ ವಿಂಡೋಸ್ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ.

ಡಿಸ್ಕ್ ವಿಷಯದಲ್ಲಿ ಒಂದು ಎಚ್ಚರಿಕೆ. ಇಲ್ಲಿ ವಿಎಂನ ಡಿಸ್ಕ್ ಸಾಮಾನ್ಯವಾಗಿ ಕ್ಯೂಕೌ2 ಎಂಬ ಬಗೆಯ ಫೈಲ್ ಆಗುತ್ತದೆ, ಅದು ಬಳಸಿದಷ್ಟೇ ಜಾಗ ಹಿಡಿಯುತ್ತದೆ. 500 ಜಿಬಿ ಸರ್ವರ್ ಡಿಸ್ಕಿನ ಮೇಲೆ 100 ಜಿಬಿಯ ಎಂಟು ವಿಎಂ ಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ. ಎಲ್ಲ ನಿಧಾನಕ್ಕೆ ತುಂಬುತ್ತಾ ಬಂದು ಒಂದು ದಿನ ಸರ್ವರ್ ಡಿಸ್ಕ್ ಭರ್ತಿ ಆದಾಗ, ಜಾಗ ಕೇಳಿದ ವಿಎಂ ಹಾಗೇ ಪಾಸ್ (ತಾತ್ಕಾಲಿಕ ತಡೆ) ಆಗಿ ನಿಂತುಬಿಡುತ್ತದೆ. ವರ್ಟ್-ಮ್ಯಾನೇಜರ್ ಅದರ ಮುಂದೆ ಪಾಸ್ ಗುರುತು ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ. ನೀವು ರೆಸ್ಯೂಮ್ ಒತ್ತುತ್ತೀರಿ, ಅದು ಮತ್ತೆ ನಿಲ್ಲುತ್ತದೆ. ಸರ್ವರಿನಲ್ಲಿ ಜಾಗ ಖಾಲಿ ಮಾಡಿದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಯಾರೂ ಮುಟ್ಟದೆ ವಿಎಂ ಪಾಸ್ ಆಗಿದ್ದರೆ ಮೊದಲು ಡಿಸ್ಕ್ ನೋಡಿ.

ನೆಟ್‌ವರ್ಕ್ ವಿಷಯಕ್ಕೆ ಬಂದರೆ ವರ್ಟ್-ಮ್ಯಾನೇಜರ್ ಕೈಚೆಲ್ಲುತ್ತದೆ, ನನ್ನ ಕೈಯಿಂದ ಅತಿ ಕಡಿಮೆ ಮಾರ್ಕ್ಸ್ ಇಲ್ಲೇ. ಮಾಮೂಲಿಯಾಗಿ ಬರುವುದು ನ್ಯಾಟ್ (ವಿಎಂಗಳು ಸರ್ವರಿನ ಹಿಂದೆ ಅವಿತಿರುವ ಜೋಡಣೆ), ವಿಎಂಗಳಿಗೆ 192.168.122 ಸಾಲಿನ ಐಪಿ ಸಿಗುತ್ತದೆ. ವಿಎಂನಿಂದ ಹೊರಗೆ ಹೋಗಬಹುದು, ಆಫೀಸಿನ ಬೇರೆ ಕಂಪ್ಯೂಟರಿನಿಂದ ವಿಎಂಗೆ ಬರುವ ಹಾಗಿಲ್ಲ. ಟ್ಯಾಲಿ ಹಾಕಿದ ವಿಎಂ ಅಕೌಂಟೆಂಟ್ ಮೇಡಂ ಕಂಪ್ಯೂಟರಿಗೆ ಕಾಣದಿದ್ದರೆ ಆ ವಿಎಂ ಇಟ್ಟುಕೊಂಡು ಏನು ಮಾಡುವುದು? ಅದಕ್ಕೆ ವಿಎಂಗಳನ್ನು ನೇರ ಆಫೀಸ್ ನೆಟ್‌ವರ್ಕಿಗೆ ಸೇರಿಸುವ ಬ್ರಿಡ್ಜ್ ಬೇಕು, ಮತ್ತು ಆ ಬ್ರಿಡ್ಜನ್ನು ಸರ್ವರಿನಲ್ಲಿ ಮಾಡುವ ಸೌಲಭ್ಯ ವರ್ಟ್-ಮ್ಯಾನೇಜರಿನಿಂದ ಹಿಂದೆಯೇ ತೆಗೆದುಹಾಕಿದ್ದಾರೆ. ನೀವೇ ನೆಟ್‌ಪ್ಲಾನ್‌ನಲ್ಲೋ ನೆಟ್‌ವರ್ಕ್‌ಮ್ಯಾನೇಜರ್ ಕಮಾಂಡಿನಲ್ಲೋ ಮಾಡಿಕೊಳ್ಳಬೇಕು. ಮುನ್ನೂರು ಕಿಲೋಮೀಟರಿಗಿಂತ ದೂರ ಕೂತು, ನೀವು ಯಾವ ಕೇಬಲ್ ಮೂಲಕ ಒಳಗೆ ಬಂದಿದ್ದೀರೋ ಅದೇ ಕೇಬಲಿನ ಸೆಟ್ಟಿಂಗ್ ಬದಲಾಯಿಸುವುದು. ಉಬುಂಟು ಆದರೆ ನೆಟ್‌ಪ್ಲಾನ್ ಟ್ರೈ ಅನ್ನುವ ಕಮಾಂಡ್ ಬಳಸಿ, 120 ಸೆಕೆಂಡಿನೊಳಗೆ ನೀವು ಸರಿ ಅಂತ ಒತ್ತದಿದ್ದರೆ ಸಾಮಾನ್ಯವಾಗಿ ಹಳೇ ಸೆಟ್ಟಿಂಗಿಗೆ ತಾನೇ ಮರಳುತ್ತದೆ. ಆದರೂ ಮೊದಲ ಸಲ ಆಫೀಸಿನಲ್ಲಿ ಯಾರಾದರೂ ಇರುವ ಹೊತ್ತಿನಲ್ಲೇ ಮಾಡಿ.

ಬ್ರಿಡ್ಜ್ ಯಾಕೆ, ಮ್ಯಾಕ್‌ವಿಟ್ಯಾಪ್ ಅಂತ ಪಟ್ಟಿಯಲ್ಲೇ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಸುಲಭವೂ ಹೌದು, ಆಫೀಸಿನವರಿಗೆಲ್ಲ ವಿಎಂ ಕಾಣುತ್ತದೆ. ಅದೇ ಸರ್ವರ್ ಒಂದಕ್ಕೆ ಮಾತ್ರ ಕಾಣುವುದಿಲ್ಲ, ಅದರ ಕೆಲಸದ ರೀತಿಯೇ ಹಾಗೆ. ಸರ್ವರ್ ಮೇಲಿಂದ ವಿಎಂನ ಬ್ಯಾಕಪ್ ಸ್ಕ್ರಿಪ್ಟ್ ಓಡಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇನ್ನು ಅದೇ ಸರ್ವರಿನಲ್ಲಿ ಆಪ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಕೂಡ ಹಾಕಿದ್ದರೆ ಕೇಳಲೇಬೇಡಿ. ಡಾಕರ್ ತನ್ನ ಫೈರ್‌ವಾಲ್ ನಿಯಮಗಳಲ್ಲಿ ಫಾರ್ವರ್ಡ್ ಆಗುವುದನ್ನೆಲ್ಲ ಡ್ರಾಪ್ ಮಾಡು ಅಂತ ಇಡುತ್ತದೆ, ಬ್ರಿಡ್ಜ್ ಮೇಲಿದ್ದ ವಿಎಂಗಳು ನಿನ್ನೆವರೆಗೆ ಚೆನ್ನಾಗಿದ್ದವು ಇವತ್ತು ಮೌನ. ಇದು ವರ್ಟ್-ಮ್ಯಾನೇಜರ್ ತಪ್ಪಲ್ಲ, ಆದರೆ ಬೈಸಿಕೊಳ್ಳುವುದು ಅದೇ.

ಶಟ್‌ಡೌನ್ ಬಟನ್ ಒತ್ತಿದರೂ ವಿಎಂ ಆಫ್ ಆಗುತ್ತಿಲ್ಲ ಅನ್ನುವುದು ಇನ್ನೊಂದು ನಿತ್ಯದ ದೂರು. ಆ ಬಟನ್ ವಿಎಂಗೆ ಆಫ್ ಆಗಪ್ಪಾ ಅಂತ ಒಂದು ಸೂಚನೆ ಕಳಿಸುತ್ತದೆ ಅಷ್ಟೇ, ಒಳಗಿನ ಓಎಸ್ ಕೇಳಿಸಿಕೊಳ್ಳಲೂಬಹುದು ಬಿಡಲೂಬಹುದು. ವಿಎಂ ಒಳಗೆ ಕ್ಯೂಎಮು ಗೆಸ್ಟ್ ಏಜೆಂಟ್ (ಸರ್ವರ್ ಜೊತೆ ಮಾತಾಡುವ ಸಣ್ಣ ಪ್ರೋಗ್ರಾಮ್) ಹಾಕಿದರೆ ಇದು ಬಹಳ ಮಟ್ಟಿಗೆ ಸುಧಾರಿಸುತ್ತದೆ, ಐಪಿ ವಿಳಾಸವೂ ಸರಿಯಾಗಿ ಕಾಣುತ್ತದೆ. ಫೋರ್ಸ್ ಆಫ್ ಅಂದರೆ ಕರೆಂಟ್ ವೈರ್ ಕಿತ್ತ ಹಾಗೆ, ಡೇಟಾಬೇಸ್ ಇರುವ ವಿಎಂ ಮೇಲೆ ಕೈ ಇಡಬೇಡಿ. ಕರೆಂಟ್ ಅಂದಾಗ ನೆನಪಾಯಿತು, ಪ್ರತಿ ವಿಎಂನ ಬೂಟ್ ಆಯ್ಕೆಗಳಲ್ಲಿ ಹೋಸ್ಟ್ ಆನ್ ಆದಾಗ ಇದನ್ನೂ ಸ್ಟಾರ್ಟ್ ಮಾಡು ಅನ್ನುವ ಟಿಕ್ ಇದೆ. ಅದು ಹಾಕದಿದ್ದರೆ ಯುಪಿಎಸ್ ಕೈಕೊಟ್ಟ ಬೆಳಿಗ್ಗೆ ಸರ್ವರ್ ಎದ್ದಿರುತ್ತದೆ, ವಿಎಂಗಳು ಮಲಗೇ ಇರುತ್ತವೆ, ನಿಮ್ಮ ಫೋನ್ ಮಾತ್ರ ಹೊಡೆದುಕೊಳ್ಳುತ್ತಿರುತ್ತದೆ.

ವಿಎಂನ ಆ ಕ್ಷಣದ ಸ್ಥಿತಿ ಉಳಿಸಿಡುವ ಸ್ನ್ಯಾಪ್‌ಶಾಟ್ ಇದೆ, ಒಂದು ಕ್ಲಿಕ್ಕಿನ ಕೆಲಸ, ಅಪ್‌ಡೇಟ್ ಹಾಕುವ ಮುಂಚೆ ತೆಗೆದಿಟ್ಟರೆ ಧೈರ್ಯ. ಆದರೆ ಮಾಮೂಲಿ ಸ್ನ್ಯಾಪ್‌ಶಾಟ್ ಅದೇ ಕ್ಯೂಕೌ2 ಫೈಲಿನೊಳಗೇ ಕೂರುತ್ತದೆ, ಆ ಫೈಲ್ ಹೋದರೆ ಅದೂ ಹೋಯಿತು. ಕ್ಯೂಕೌ2 ಅಲ್ಲದ ರಾ ಡಿಸ್ಕ್ ಆದರೆ ಈ ಥರದ ಸ್ನ್ಯಾಪ್‌ಶಾಟ್ ನಡೆಯುವುದೇ ಇಲ್ಲ. ಯುಇಎಫ್‌ಐ (ಹಳೇ ಬಯೋಸ್ ಬದಲು ಬಂದದ್ದು) ಬೂಟ್ ಇರುವ ವಿಎಂಗಳಲ್ಲಿ ಬಹಳ ಕಾಲ ಇದು ಎರರ್ ಕೊಡುತ್ತಿತ್ತು, ಹಳೇ ಡಿಸ್ಟ್ರೋಗಳಲ್ಲಿ ಈಗಲೂ ಕೊಡುತ್ತದೆ. ಇನ್ನು ಬ್ಯಾಕಪ್ ಅನ್ನುವ ಮೆನುವೇ ಇಲ್ಲ. ಇಷ್ಟು ವರ್ಷವಾದರೂ ಇಲ್ಲ. ಸ್ಕ್ರಿಪ್ಟ್ ಬರೆದು ರಾತ್ರಿ ಓಡಿಸಬೇಕು. ಪ್ರಾಕ್ಸ್‌ಮಾಕ್ಸ್ ಮುಂದೆ ಇದು ಸೋಲುವುದು ಇಲ್ಲೇ, ಅಲ್ಲಿ ಯಾವ ವಿಎಂ, ಎಷ್ಟು ಹೊತ್ತಿಗೆ, ಎಲ್ಲಿಗೆ ಅಂತ ಆರಿಸಿ ಬಿಟ್ಟರೆ ಆಯಿತು.

ನೆಟ್ ಹೋದಾಗ ವರ್ಟ್-ಮ್ಯಾನೇಜರ್ ನಡೆದುಕೊಳ್ಳುವ ರೀತಿಯೂ ಅಷ್ಟೇನೂ ಚೆನ್ನಾಗಿಲ್ಲ. ತಕ್ಷಣ ಹೇಳುವುದಿಲ್ಲ. ಕಿಟಕಿ ಬೂದು ಬಣ್ಣಕ್ಕೆ ತಿರುಗಿ ಸ್ವಲ್ಪ ಹೊತ್ತು ಹೆಪ್ಪುಗಟ್ಟುತ್ತದೆ, ಆಮೇಲೆ ಕನೆಕ್ಷನ್ ಕಡಿದಿದೆ ಅನ್ನುತ್ತದೆ, ಸರ್ವರ್ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ಮತ್ತೆ ಸೇರಿಸಬೇಕು. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗಲೂ ಇದೇ ಕಥೆ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಸರ್ವರ್ ಬದುಕಿದೆಯಾ ಅಂತ ಆಗಾಗ ಕೇಳುವ ಅಲೈವ್ ಸೆಟ್ಟಿಂಗ್ ಹಾಕಿದರೆ ಬೇಗ ಗೊತ್ತಾಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ಪೋಲಿಂಗ್ (ಎಷ್ಟು ಸೆಕೆಂಡಿಗೊಮ್ಮೆ ಸರ್ವರನ್ನು ವಿಚಾರಿಸಬೇಕು) ಅಂತ ಒಂದು ಪುಟ ಇದೆ, ಅಲ್ಲಿ ಸಿಪಿಯು ಗ್ರಾಫ್ ಮಾತ್ರ ಆನ್ ಇರುತ್ತದೆ, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಬೇಕಾದರೆ ನಾವೇ ಹಾಕಿಕೊಳ್ಳಬೇಕು. ನಿಧಾನ ನೆಟ್‌ನವರು ಅಲ್ಲಿ ಸೆಕೆಂಡುಗಳನ್ನು ಜಾಸ್ತಿ ಮಾಡಿ, ಹಗುರ ಅನಿಸುತ್ತದೆ. ಅದೇ ಪ್ರಿಫರೆನ್ಸಸ್‌ನಲ್ಲಿ ಎಕ್ಸ್‌ಎಂಎಲ್ ಎಡಿಟಿಂಗ್ ಅನ್ನುವುದನ್ನೂ ಆನ್ ಮಾಡಿಡಿ. 2019ರಲ್ಲಿ ಬಂದ ಸೌಲಭ್ಯ ಇದು, ಬಟನ್ ಇಲ್ಲದ ಸೆಟ್ಟಿಂಗುಗಳನ್ನು ನೇರವಾಗಿ ಬರೆಯಬಹುದು. ಮೆನುಗಳು ಕನ್ನಡದಲ್ಲೂ ಬರುತ್ತವೆ, ಎಲ್ಲ ಅಲ್ಲ, ಅಲ್ಲಲ್ಲಿ. ನೋಡಿ ಖುಷಿಯಾಗುತ್ತದೆ, ಆದರೆ ಎರರ್ ಬಂದಾಗ ನೆಟ್‌ನಲ್ಲಿ ಹುಡುಕಲು ಇಂಗ್ಲಿಷ್ ಇದ್ದರೇ ಅನುಕೂಲ.

ರೆಡ್ ಹ್ಯಾಟ್ ಇದನ್ನು ಕೈಬಿಡುತ್ತಿದೆಯಂತಲ್ಲ, ಕಲಿಯುವುದು ದಂಡ ಅಲ್ವಾ ಅಂತ ಕೇಳುವವರಿದ್ದಾರೆ. 2019ರ ರೆಡ್ ಹ್ಯಾಟ್ 8ರಲ್ಲೇ ಇದು ಮುಂದೆ ಇರುವುದಿಲ್ಲ, ಕಾಕ್‌ಪಿಟ್ ಬಳಸಿ ಅಂದಿದ್ದರು. ಆಮೇಲೂ ಹೊಸ ಆವೃತ್ತಿಗಳು ಬಂದಿವೆ, ಡೆಬಿಯನ್, ಉಬುಂಟು, ಫೆಡೋರಾ ಎಲ್ಲದರಲ್ಲೂ ಒಂದು ಕಮಾಂಡಿಗೆ ಸಿಗುತ್ತದೆ. ಕಾಕ್‌ಪಿಟ್ ಕೂಡ ಕೆಟ್ಟದ್ದಲ್ಲ. ಬ್ರೌಸರ್ ಸಾಕು, ಮೊಬೈಲಿನಲ್ಲೂ ತೆರೆಯುತ್ತದೆ, ಬಸ್ಸಿನಲ್ಲಿ ಕೂತು ಒಂದು ವಿಎಂ ಸ್ಟಾರ್ಟ್ ಮಾಡಿ ಇಳಿಯಬಹುದು. ವಿಎಂನ ಒಳಗಿನ ಸಣ್ಣಪುಟ್ಟ ಹಾರ್ಡ್‌ವೇರ್ ಸೆಟ್ಟಿಂಗ್ ಬದಲಾಯಿಸಲು ಹೊರಟರೆ ಮಾತ್ರ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಎರಡೂ ಮಾತಾಡುವುದು ಅದೇ ಲಿಬ್‌ವರ್ಟ್ ಜೊತೆ, ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ಕಾಣುತ್ತದೆ, ಹಾಗಾಗಿ ಆರಿಸಿಕೊಳ್ಳುವ ತಲೆನೋವೇ ಇಲ್ಲ, ಎರಡೂ ಇಟ್ಟುಕೊಳ್ಳಿ. ಟರ್ಮಿನಲ್ ಪ್ರಿಯರಿಗೆ ವರ್ಶ್ ಎಂಬ ಕಮಾಂಡ್ ಇದೆ, ಅದೂ ಇದೇ ಎಸ್‌ಎಸ್‌ಎಚ್ ದಾರಿಯಲ್ಲೇ ಹೋಗುತ್ತದೆ. ಹತ್ತು ವಿಎಂಗಳನ್ನು ಒಟ್ಟಿಗೆ ಶಟ್‌ಡೌನ್ ಮಾಡಬೇಕಾದಾಗ ನಾನು ಮೌಸ್ ಮುಟ್ಟುವುದಿಲ್ಲ, ವರ್ಶ್‌ನ ಒಂದು ಸಾಲು ಸಾಕು.

ಪ್ರಾಕ್ಸ್‌ಮಾಕ್ಸ್ ದಾರಿ ಬೇರೆ. ವಿಯೆನ್ನಾದ ಕಂಪನಿಯೊಂದು 2008ರಿಂದ ಕೊಡುತ್ತಿರುವ ಸರಕು, ಒಳಗೆ ಡೆಬಿಯನ್ನೇ, ಕೆವಿಎಂ ಅದೇ, ಆದರೆ ಲಿಬ್‌ವರ್ಟ್ ಇಲ್ಲ. ಅಂದರೆ ವರ್ಟ್-ಮ್ಯಾನೇಜರಿನಿಂದ ಅದಕ್ಕೆ ಸೇರಿಕೊಳ್ಳಲು ಬರುವುದಿಲ್ಲ. ಖಾಲಿ ಸರ್ವರ್ ಕೈಗೆ ಬಂದಿದ್ದರೆ, ನೋಡಿಕೊಳ್ಳುವವರು ಒಬ್ಬರಿಗಿಂತ ಜಾಸ್ತಿ ಇದ್ದರೆ, ಬ್ಯಾಕಪ್, ಬೇರೆ ಬೇರೆ ಯೂಸರಿಗೆ ಬೇರೆ ಬೇರೆ ಅಧಿಕಾರ ಎಲ್ಲ ಬೇಕಿದ್ದರೆ ಅದನ್ನೇ ಹಾಕಿ. ದುಡ್ಡು ಕೊಡದೆ ಬಳಸಿದರೆ ಲಾಗಿನ್ ಆದಾಗಲೆಲ್ಲ ಸಬ್‌ಸ್ಕ್ರಿಪ್ಷನ್ ಇಲ್ಲ ಅಂತ ಒಂದು ಪೆಟ್ಟಿಗೆ ಎದುರಿಗೆ ಬರುತ್ತದೆ, ಒತ್ತಿ ಮುಂದೆ ಹೋಗಿ. ಆದರೆ ಈಗಾಗಲೇ ಉಬುಂಟುವೋ ಡೆಬಿಯನ್ನೋ ಓಡುತ್ತಿರುವ, ಮೇಲೆ ಬೇರೆ ಕೆಲಸಗಳೂ ಇರುವ ಸರ್ವರಿನಲ್ಲಿ ನಾಲ್ಕು ವಿಎಂ ಬೇಕು ಅಷ್ಟೇ ಅಂದರೆ ಅದನ್ನೆಲ್ಲ ಕಿತ್ತು ಪ್ರಾಕ್ಸ್‌ಮಾಕ್ಸ್ ಹಾಕುವುದು ಅತಿಯಾಯಿತು.

ಬಾಡಿಗೆ ವಿಪಿಎಸ್ (ಅದೇ ಒಂದು ವಿಎಂ) ತೆಗೆದುಕೊಂಡು ಅದರೊಳಗೆ ವಿಎಂ ಮಾಡೋಣ ಅಂತಿರುವವರು ದುಡ್ಡು ಕಟ್ಟುವ ಮೊದಲೇ ನೆಸ್ಟೆಡ್ ವರ್ಚುವಲೈಸೇಷನ್ (ವಿಎಂ ಒಳಗೆ ವಿಎಂ) ಕೊಡುತ್ತಾರಾ ಅಂತ ಕೇಳಿ. ಬಹಳ ಕಡೆ ಕೊಡುವುದಿಲ್ಲ. ಕೆವಿಎಂ ಸಿಗದಿದ್ದರೆ ಎಲ್ಲವೂ ಬರೀ ಕ್ಯೂಎಮು ಅನುಕರಣೆಯಲ್ಲಿ ಓಡುತ್ತದೆ, ಬೂಟ್ ಆಗುವುದನ್ನು ನೋಡುತ್ತಾ ನಿದ್ದೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇರುವವರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನಲ್ಲಿ ಉಬುಂಟು ಹಾಕಿ ಅದರಲ್ಲಿ ವರ್ಟ್-ಮ್ಯಾನೇಜರ್ ಓಡಿಸಬಹುದು, ಕಿಟಕಿ ನೇರ ವಿಂಡೋಸ್ ಮೇಲೇ ತೆರೆಯುತ್ತದೆ, ಎಸ್‌ಎಸ್‌ಎಚ್ ಕೀಯನ್ನು ಮಾತ್ರ ಆ ಉಬುಂಟು ಒಳಗೆ ಇಟ್ಟುಕೊಳ್ಳಿ. ಮ್ಯಾಕ್‌ನವರು ಅದಕ್ಕಾಗಿ ಒದ್ದಾಡುವ ಬದಲು ಕಾಕ್‌ಪಿಟ್ ಹಾಕಿ, ಅದರ 9090 ಪೋರ್ಟನ್ನು ಎಸ್‌ಎಸ್‌ಎಚ್ ಟನೆಲ್ ಒಳಗೆ ತಂದುಕೊಂಡು ಬ್ರೌಸರಿನಲ್ಲೇ ತೆರೆಯುವುದು ಒಳ್ಳೆಯದು.